ಗೆದ್ದೂ ನೆಲೆ ಕಾಣದ ತಂಡ

1974ರ ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳನ್ನು ನಮ್ಮ ಪೀಳಿಗೆಯವರು ಕಣ್ಣಾರೆ ಕಂಡವರಲ್ಲ, ಪತ್ರಿಕೆಯ ಕ್ರೀಡಾಪುಟದಲ್ಲಿ ಓದಿದವರು. ಬೆಕೆನ್‌ಬೌರ್, ಕ್ರೈಫ್ ಎಂಬ ಹೆಸರುಗಳನ್ನು ಎಲ್ಲರೂ ಆಡುತ್ತಿದ್ದ ಆ ದಿನಗಳಲ್ಲಿ ನನ್ನ ಮನಸ್ಸಿನಲ್ಲಿ ನಿಂತ ಹೆಸರು ಬೇರೆಯೇ ಆಗಿತ್ತು. ಬ್ರೆಜಿಲ್ ತಂಡವನ್ನು 1-0 ಅಂತರದಿಂದ ಸೋಲಿಸಿ ಮೂರನೆಯ ಸ್ಥಾನ ಪಡೆದ ಪೋಲೆಂಡಿನ ನಾಯಕ ಕಜಿಮ್ಯೆಶ್ ಡೆಯ್ನಾ ಆತ. ಅದಕ್ಕೆ ಎರಡು ವರ್ಷ ಮೊದಲು ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಒಂಬತ್ತು ಗೋಲು ಹೊಡೆದು ತನ್ನ ದೇಶಕ್ಕೆ ಚಿನ್ನದ ಪದಕ ತಂದುಕೊಟ್ಟವನೂ ಅವನೇ.

ಬಹಳ ವರ್ಷಗಳ ಮೇಲೆ, ನಿವೃತ್ತನಾಗಿ ಕುಳಿತಿದ್ದಾಗ, ಆ ಡೆಯ್ನಾ ಮುಂದೆ ಏನಾದನೆಂದು ಹುಡುಕಿ ನೋಡಿದೆ. 1989ರ ಸೆಪ್ಟೆಂಬರ್ 1ರ ನಸುಕಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದ ಹೆದ್ದಾರಿಯಲ್ಲಿ ಅವನ ಕಾರು ನಿಂತಿದ್ದ ಲಾರಿಯೊಂದಕ್ಕೆ ಬಡಿದು, 41ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನೆಂದು ತಿಳಿಯಿತು. ವಾರ್ಸಾದ ವೀರನಿಗೆ ಪೆಸಿಫಿಕ್ ಸಾಗರದ ದಂಡೆಯಲ್ಲಿ ಏನು ಕೆಲಸವೆಂದು ಮತ್ತಷ್ಟು ಓದಿದೆ. ಅವನು ಅಲ್ಲಿ ಆರು ವರ್ಷ ಆಡಿದ್ದ. ಆಡಿದ್ದು ಬಹುಪಾಲು ಬಯಲಿನಲ್ಲಲ್ಲ, ಒಂದು ಸಭಾಂಗಣದೊಳಗೆ. ಮರದ ಹಲಗೆ ಮತ್ತು ಗಾಜಿನಂಥ ತಡೆಗೋಡೆಗಳ ನಡುವೆ ಹಾಸಿದ ಕೃತಕ ಹುಲ್ಲಿನ ಮೇಲೆ. ಆ ತಂಡದ ಹೆಸರು ಸ್ಯಾನ್ ಡಿಯಾಗೋ ಸಾಕರ್ಸ್. ಅದರ ಇತಿಹಾಸವನ್ನು ಓದುತ್ತ ಹೋದ ಹಾಗೆ, ಮೂವತ್ತು ವರ್ಷ ಮಕ್ಕಳಿಗೆ ರಾಜವಂಶಗಳ ಏಳುಬೀಳುಗಳನ್ನು ಪಾಠ ಹೇಳಿದ ನನಗೆ ಒಂದು ಹಳೆಯ ನಂಬಿಕೆ ಅಲುಗಾಡಿತು. ಅದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಆ ಆಟದ ವಿಷಯ. ಒಳಾಂಗಣ ಫುಟ್‌ಬಾಲ್ ಎಂದೊಡನೆ ಕೆಲವರಿಗೆ ಫುಟ್ಸಾಲ್ ನೆನಪಾದೀತು. ಅದು 1930ರಲ್ಲಿ ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ಹುಟ್ಟಿದ್ದು. ಅದರಲ್ಲಿ ಗೋಡೆಗಳಿಲ್ಲ, ಚೆಂಡು ಗೆರೆ ದಾಟಿದರೆ ಆಟ ನಿಲ್ಲುತ್ತದೆ. ಅಮೆರಿಕನ್ನರ ಒಳಾಂಗಣ ಆಟ ಬೇರೆ ಜಾತಿಯದು. ಚಳಿಗಾಲದಲ್ಲಿ ಐಸ್ ಹಾಕಿ ಆಡುವ, ಸುಮಾರು 200 ಅಡಿ ಉದ್ದ 85 ಅಡಿ ಅಗಲದ ಅಂಕಣದ ಮೇಲೆಯೇ ಕೃತಕ ಹುಲ್ಲು ಹಾಸಿ, ಸುತ್ತಲಿನ ತಡೆಗೋಡೆಗಳನ್ನು ಹಾಗೆಯೇ ಉಳಿಸಿಕೊಂಡು ಆಡುವ ಆಟವಿದು. ಗೋಲು ಕಾಯುವವನೂ ಸೇರಿ ತಂಡಕ್ಕೆ ಆರು ಜನ. ಹದಿನೈದು ನಿಮಿಷಗಳ ನಾಲ್ಕು ಅವಧಿ. ಆಟ ನಡೆಯುತ್ತಿರುವಾಗಲೇ ಒಬ್ಬ ಹೊರಬಂದು ಮತ್ತೊಬ್ಬ ಒಳಹೋಗಬಹುದು. ತಪ್ಪೆಸಗಿದವನು ಎರಡು ನಿಮಿಷ ಹೊರಗೆ ಪೆಟ್ಟಿಗೆಯಲ್ಲಿ ಕೂರಬೇಕು. ಚೆಂಡು ಗೋಡೆಗೆ ಬಡಿದು ಮರಳಿ ಬಂದರೆ ಆಟ ಮುಂದುವರಿಯುತ್ತದೆ. ನಮ್ಮ ಕೇರಂ ಆಟದಲ್ಲಿ ಅಂಚಿಗೆ ಸ್ಟ್ರೈಕರ್ ಹೊಡೆದು ಎದುರಿನ ಕಾಯಿಯನ್ನು ತೂತಿಗೆ ಕಳಿಸುತ್ತೇವಲ್ಲ, ಆ ಕೌಶಲವೇ ಇಲ್ಲಿ ಕಾಲಿಗೆ ಬಂದಿದೆ. ಗೋಡೆಯೂ ಒಬ್ಬ ಜೊತೆಗಾರ.

ಈ ಆಟ ಜನರ ಮನಸ್ಸಿಗೆ ಬಂದದ್ದಕ್ಕೆ ಒಂದು ಸ್ವಾರಸ್ಯಕರ ಹಿನ್ನೆಲೆಯಿದೆ. 1974ರ ಫೆಬ್ರವರಿಯಲ್ಲಿ, ಶೀತಲ ಸಮರದ ನಡುವೆಯೇ, ಮಾಸ್ಕೋದ ಸೇನಾ ತಂಡವೊಂದು ಅಮೆರಿಕಕ್ಕೆ ಬಂದು ಫಿಲಡೆಲ್ಫಿಯಾದ ಸ್ಪೆಕ್ಟ್ರಮ್ ಸಭಾಂಗಣದಲ್ಲಿ ಅಲ್ಲಿನ ಆಟಮ್ಸ್ ತಂಡದೊಡನೆ ಒಳಾಂಗಣ ಪಂದ್ಯವಾಡಿತು. ರಷ್ಯನ್ನರು 6-3ರಿಂದ ಗೆದ್ದರು. ಆದರೆ ನೋಡಲು ಬಂದವರ ಸಂಖ್ಯೆ 11 ಸಾವಿರವನ್ನು ಮೀರಿತ್ತು. ಅವರ ನಡುವೆ ಕುಳಿತಿದ್ದ ಎಡ್ ಟೆಪ್ಪರ್ ಎಂಬ ವ್ಯಾಪಾರಸ್ಥನಿಗೆ ಇದರಲ್ಲಿ ಭವಿಷ್ಯವಿದೆ ಎನ್ನಿಸಿತು. ಅವನೂ ಅರ್ಲ್ ಫೋರ್‌ಮನ್ ಎಂಬ ವಕೀಲನೂ ಸೇರಿ ಕಟ್ಟಿದ ಮೇಜರ್ ಇಂಡೋರ್ ಸಾಕರ್ ಲೀಗ್ 1978ರ ಡಿಸೆಂಬರ್‌ನಲ್ಲಿ ಆರು ತಂಡಗಳೊಡನೆ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಸೇಂಟ್ ಲೂಯಿಸ್‌ನಂಥ ನಗರಗಳಲ್ಲಿ ಪಂದ್ಯವೊಂದಕ್ಕೆ ಸರಾಸರಿ 17 ಸಾವಿರ ಜನ ಸೇರುವಂತಾಯಿತು. ಫುಟ್‌ಬಾಲನ್ನು ಅಷ್ಟಾಗಿ ಹಚ್ಚಿಕೊಳ್ಳದ ಆ ದೇಶದಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ಸಾಕರ್ಸ್ ತಂಡದ ಜನ್ಮವೃತ್ತಾಂತ. ಅದು ಹುಟ್ಟಿದ್ದು ಸ್ಯಾನ್ ಡಿಯಾಗೋದಲ್ಲಿ ಅಲ್ಲ, ದೇಶದ ಇನ್ನೊಂದು ತುದಿಯ ಬಾಲ್ಟಿಮೋರ್ ನಗರದಲ್ಲಿ. 1974ರಲ್ಲಿ, ಬಾಲ್ಟಿಮೋರ್ ಕಾಮೆಟ್ಸ್ ಎಂಬ ಬಯಲಾಟದ ತಂಡವಾಗಿ. ಎರಡು ವರ್ಷದಲ್ಲಿ ಅಲ್ಲಿ ಬೇರು ಬಿಡದೆ 1976ರಲ್ಲಿ ಸ್ಯಾನ್ ಡಿಯಾಗೋಗೆ ಬಂದು 'ಜಾಸ್' ಆಯಿತು. ಅಲ್ಲಿಯೂ ನಿಲ್ಲದೆ 1977ರಲ್ಲಿ ಲಾಸ್ ವೇಗಸ್ ಸೇರಿ 'ಕ್ವಿಕ್‌ಸಿಲ್ವರ್ಸ್' ಎಂದು ಹೆಸರು ಬದಲಿಸಿತು. ಪೋರ್ಚುಗಲ್ಲಿನ ಮಹಾನ್ ಆಟಗಾರ ಯೂಸೆಬಿಯೋ ಆ ಒಂದು ವರ್ಷ ಅದರಲ್ಲಿ ಆಡಿದ. 1978ರಲ್ಲಿ ಮತ್ತೆ ಸ್ಯಾನ್ ಡಿಯಾಗೋಗೆ ಮರಳಿ, ಸಾಕರ್ಸ್ ಎಂಬ ಹೆಸರಿನಲ್ಲಿ ನೆಲೆಸಿತು. ಐದು ವರ್ಷಗಳಲ್ಲಿ ಮೂರು ಊರು, ನಾಲ್ಕು ಹೆಸರು. ಈ ಅಲೆದಾಟವನ್ನು ಓದುಗರು ನೆನಪಿಟ್ಟುಕೊಳ್ಳಬೇಕು; ಮುಂದೆ ಇದರ ಪ್ರಸ್ತಾಪ ಮತ್ತೆ ಬರುತ್ತದೆ.

1980ರಲ್ಲಿ ಈ ತಂಡದ ತರಬೇತುದಾರನಾಗಿ ರಾನ್ ನ್ಯೂಮನ್ ಬಂದ. ಇಂಗ್ಲೆಂಡಿನಲ್ಲಿ ಹುಟ್ಟಿ, ಅಲ್ಲಿನ ಪೋರ್ಟ್ಸ್‌ಮತ್ ಮೊದಲಾದ ತಂಡಗಳಲ್ಲಿ ಆಡಿ, 1967ರಲ್ಲಿ ಅಮೆರಿಕಕ್ಕೆ ಬಂದವನು. ಡಲ್ಲಾಸ್ ತಂಡಕ್ಕೆ 1971ರ ಉತ್ತರ ಅಮೆರಿಕ ಲೀಗಿನ ಪ್ರಶಸ್ತಿ ಗೆದ್ದುಕೊಟ್ಟಿದ್ದ. ಅವನ ಕೈಗೆ ಬಂದ ಸಾಕರ್ಸ್ ಆಗ ಬೇಸಗೆಯಲ್ಲಿ ಬಯಲಿನಲ್ಲೂ ಚಳಿಗಾಲದಲ್ಲಿ ಸಭಾಂಗಣದಲ್ಲೂ ಆಡುತ್ತಿತ್ತು. ಬಯಲಿನಲ್ಲಿ ಅದು ಒಮ್ಮೆಯೂ ಪ್ರಶಸ್ತಿ ಗೆಲ್ಲಲಿಲ್ಲ. ಛಾವಣಿಯ ಕೆಳಗೆ ನಡೆದದ್ದೇ ಬೇರೆ.

1981-82ರಲ್ಲಿ ಉತ್ತರ ಅಮೆರಿಕ ಲೀಗಿನ ಒಳಾಂಗಣ ಪ್ರಶಸ್ತಿ. ಮರುವರ್ಷ ಆ ಲೀಗು ಒಳಾಂಗಣ ಪಂದ್ಯ ನಡೆಸದಿದ್ದಾಗ ಎದುರಾಳಿ ಸಂಸ್ಥೆಯಾದ ಮೇಜರ್ ಇಂಡೋರ್ ಲೀಗಿನಲ್ಲಿ ಅತಿಥಿಯಂತೆ ಆಡಿ, ಅದರ ಪ್ರಶಸ್ತಿಯನ್ನೂ ಕೊಂಡೊಯ್ದಿತು. 1983-84ರಲ್ಲಿ ಮತ್ತೆ ಹಳೆಯ ಲೀಗಿಗೆ ಮರಳಿ, ನ್ಯೂಯಾರ್ಕ್ ಕಾಸ್ಮಾಸ್ ತಂಡವನ್ನು ಸೋಲಿಸಿ ಗೆದ್ದಿತು. (1977ರಲ್ಲಿ ಪೆಲೆಯೊಂದಿಗೆ ಕಲ್ಕತ್ತೆಗೆ ಬಂದು ಮೋಹನ್ ಬಗಾನ್ ವಿರುದ್ಧ 2-2ರ ಸಮಬಲ ಸಾಧಿಸಿದ್ದ ಕಾಸ್ಮಾಸ್ ಇದೇ.) ಹಳೆಯ ಲೀಗು ಮುಚ್ಚಿದ ಮೇಲೆ ಪೂರ್ಣವಾಗಿ ಒಳಾಂಗಣಕ್ಕೆ ಬಂದು 1985, 1986ರಲ್ಲಿ ಗೆದ್ದಿತು. 1986ರ ಅಂತಿಮ ಸರಣಿಯಲ್ಲಿ ಮಿನಿಸೋಟ ತಂಡಕ್ಕೆ 3-1ರ ಮುನ್ನಡೆ ಬಿಟ್ಟುಕೊಟ್ಟು, ಉಳಿದ ಮೂರನ್ನೂ ಗೆದ್ದು 4-3ರಲ್ಲಿ ಕಿರೀಟ ತೊಟ್ಟಿತು. 1987ರಲ್ಲಿ ಮಾತ್ರ ಡಲ್ಲಾಸ್‌ಗೆ ಪ್ರಶಸ್ತಿ ಹೋಯಿತು. ಅನಂತರ 1988, 1989, 1990, 1991, 1992 ಸತತ ಐದು ವರ್ಷ ಮತ್ತೆ ಸಾಕರ್ಸ್. ಹನ್ನೊಂದು ಋತುಗಳಲ್ಲಿ ಹತ್ತು ಪ್ರಶಸ್ತಿ! ವೃತ್ತಿಪರ ಕ್ರೀಡೆಯಲ್ಲಿ ಇಂಥ ಏಕಚ್ಛತ್ರ ಆಳ್ವಿಕೆ ಅಪರೂಪ.

ಗೆಲುವುಗಳ ಪಟ್ಟಿ ಓದಿ ಮುಗಿಸಿದ ಮೇಲೆ ಗೆದ್ದವರು ಯಾರೆಂದು ನೋಡಬೇಕು. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅದೇ. ಜೂಲಿ ವೀ ಎಂಬ ಹೆಸರಿನಲ್ಲಿ ಆಡಿದವನು ಬುಡಾಪೆಸ್ಟಿನಲ್ಲಿ ಹುಟ್ಟಿದ ಗ್ಯುಲಾ ವಿಶ್ನೆಯಿ. ಹರೆಯದಲ್ಲೇ ಹಂಗೇರಿಯನ್ನು ತೊರೆದು ಬಂದವನು. ಬ್ರಾಂಕೊ ಶೆಗೋಟ ಯುಗೋಸ್ಲಾವಿಯಾದ ರಿಯೇಕಾದಲ್ಲಿ ಹುಟ್ಟಿ ಕೆನಡಾ ಸೇರಿದವನು. ಹ್ಯೂಗೊ ಪೆರೆಸ್ ಎಲ್ ಸಾಲ್ವಡಾರಿನವನು. ಫರ್ನಾಂಡೊ ಕ್ಲಾವಿಹೊ ಉರುಗ್ವೆಯವನು. ಬ್ರಯನ್ ಕ್ವಿನ್ ಬೆಲ್‌ಫಾಸ್ಟಿನವನು. ವಾದ್ ಹಿರ್ಮೆಜ್ ಇರಾಕಿನಲ್ಲಿ ಹುಟ್ಟಿದವನು. ವಿಕ್ಟರ್ ನೊಗೇರಾ ಎಂಬ ಗೋಲ್‌ಕೀಪರ್ ಆಫ್ರಿಕದ ಮೊಜಾಂಬಿಕ್‌ನಲ್ಲಿ ಹುಟ್ಟಿದವನು. ಈ ಊರುಗಳನ್ನು ಭೂಪಟದಲ್ಲಿ ಗುರುತಿಸುತ್ತ ಹೋದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಕಲಹಗಳ ಪಟವೇ ಎದುರಿಗೆ ಬಿಚ್ಚಿಕೊಳ್ಳುತ್ತದೆ.

ಇವರಲ್ಲಿ ಸ್ಲಾವಿಶಾ ಝುಂಗುಲ್‌ನ ಕಥೆ ಎಲ್ಲಕ್ಕಿಂತ ವಿಚಿತ್ರ. ಯುಗೋಸ್ಲಾವಿಯಾದ ಹೈದುಕ್ ಸ್ಪ್ಲಿಟ್ ತಂಡದ ಪ್ರಸಿದ್ಧ ಆಟಗಾರನಾಗಿದ್ದ ಅವನು 1978ರ ಕೊನೆಯಲ್ಲಿ ಅಮೆರಿಕಕ್ಕೆ ಬಂದವನು ಮರಳಲೇ ಇಲ್ಲ. ಊರಿನಲ್ಲಿ ಕಡ್ಡಾಯ ಸೇನಾಸೇವೆ ಕಾದಿತ್ತು. ಅವನ ದೇಶದ ಫುಟ್‌ಬಾಲ್ ಸಂಸ್ಥೆ ಆಕ್ಷೇಪವೆತ್ತಿದ್ದರಿಂದ ಫಿಫಾ ಆಡಳಿತದ ಯಾವ ಮೈದಾನದಲ್ಲೂ ಕೆಲವು ವರ್ಷ ಅವನು ಕಾಲಿಡುವಂತಿರಲಿಲ್ಲ. ಆದರೆ ಒಳಾಂಗಣ ಲೀಗು ಫಿಫಾದ ಆಡಳಿತಕ್ಕೆ ಸೇರಿರಲಿಲ್ಲ. ಲೋಕದ ಬಯಲುಗಳೆಲ್ಲ ಮುಚ್ಚಿದಾಗ ಅವನಿಗೆ ತೆರೆದದ್ದು ಈ ಒಂದು ಸಭಾಂಗಣದ ಬಾಗಿಲು. ಮೊದಲು ನ್ಯೂಯಾರ್ಕ್ ಆರೋಸ್ ತಂಡಕ್ಕೆ ಲೀಗಿನ ಆರಂಭದ ನಾಲ್ಕೂ ಪ್ರಶಸ್ತಿಗಳನ್ನು ಗೆದ್ದುಕೊಟ್ಟ. ಅನಂತರ ಸ್ಯಾನ್ ಡಿಯಾಗೋಗೆ ಬಂದ. ನಡುವೆ ಟಕೋಮಾಕ್ಕೆ ಹೋಗಿ ಮತ್ತೆ ಮರಳಿ ಬಂದ. ಆ ಲೀಗಿನಲ್ಲಿ ಅವನು ಹೊಡೆದ ಗೋಲುಗಳು 652. ಅಲ್ಲಿನ ಜನ ಅವನನ್ನು ಸ್ಟೀವ್ ಎಂದು ಕರೆದರು. ಒಳಾಂಗಣದ ಒಡೆಯನೆಂದು ಕೊಂಡಾಡಿದರು.

ಡೆಯ್ನಾ ಬಂದದ್ದು ಬೇರೊಂದು ದಾರಿಯಲ್ಲಿ. ಪೋಲೆಂಡಿನ ಪರವಾಗಿ 97 ಪಂದ್ಯಗಳಲ್ಲಿ 41 ಗೋಲು ಹೊಡೆದವನು, ವಾರ್ಸಾದ ಸೇನಾ ತಂಡವಾದ ಲೆಗಿಯಾದ ಪ್ರಾಣವಾಗಿದ್ದವನು. 1978ರ ವಿಶ್ವಕಪ್ಪಿನಲ್ಲಿ ಅರ್ಜೆಂಟೀನಾದ ಎದುರು ಅವನು ಹೊಡೆದ ಪೆನಾಲ್ಟಿಯನ್ನು ಗೋಲ್‌ಕೀಪರ್ ತಡೆದುಬಿಟ್ಟ, ಪೋಲೆಂಡ್ ಸೋತಿತು. ಅದೇ ವರ್ಷ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಸೇರಿದ. 1981ರಲ್ಲಿ ಸ್ಯಾನ್ ಡಿಯಾಗೋಗೆ ಬಂದ. ಬಯಲಿನ ಅಗಲವನ್ನು ಒಂದೇ ನೋಟದಲ್ಲಿ ಅಳೆದು ಚೆಂಡು ಕಳಿಸುತ್ತಿದ್ದವನು ಈಗ 85 ಅಡಿ ಅಗಲದ ಅಂಕಣದಲ್ಲಿ, ಗೋಡೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಆಡಬೇಕಾಗಿತ್ತು. ಮೂವತ್ತು ದಾಟಿದ ಮೇಲೆ ಅದನ್ನೂ ಕಲಿತು ಗೆದ್ದ. 1987ರವರೆಗೆ ಆ ತಂಡದಲ್ಲಿದ್ದ.

ಯುರೋಪಿನ ಫುಟ್‌ಬಾಲ್ ಪಂಡಿತರು ಈ ಒಳಾಂಗಣ ಆಟವನ್ನು ಸರ್ಕಸ್ ಎಂದು ಹೀಗಳೆಯುವುದುಂಟು. ಲೇಸರ್ ದೀಪ, ಹೊಗೆ, ಅಬ್ಬರದ ಸಂಗೀತಗಳೊಡನೆ ಆಟಗಾರರನ್ನು ಅಂಕಣಕ್ಕೆ ಕರೆತರುತ್ತಿದ್ದುದು ನಿಜವೇ. ಆದರೆ ಸರ್ಕಸ್ಸಿನ ಡೇರೆಯೊಳಗೂ ಬದುಕು ಇರುತ್ತದೆ. ದೇಶ ಬಿಟ್ಟವರು, ದೇಶ ಬಿಡಿಸಿದವರು, ವಯಸ್ಸು ಮೀರಿತೆಂದು ಹೊರದಬ್ಬಿಸಿಕೊಂಡವರು ಅಲ್ಲಿ ಒಂದು ನೆರಳನ್ನು ಕಂಡರು. ತಮಗೆ ಗೊತ್ತಿದ್ದ ಒಂದೇ ವಿದ್ಯೆಯಿಂದ ಅನ್ನ ದುಡಿದರು. ನನ್ನ ದೃಷ್ಟಿಯಲ್ಲಿ ಸಾಕರ್ಸ್‌ನ ಹತ್ತು ಕಪ್‌ಗಳಿಗಿಂತ ದೊಡ್ಡ ಸಾಧನೆ ಅದು.

ಈಗ ನನ್ನ ಹಳೆಯ ನಂಬಿಕೆಯ ವಿಷಯಕ್ಕೆ ಬರುತ್ತೇನೆ. 'ವಿಜಯನಗರ ಸಾಮ್ರಾಜ್ಯದ ಪತನಕ್ಕೆ ಕಾರಣಗಳನ್ನು ತಿಳಿಸಿ' ಎಂಬ ಐದು ಅಂಕದ ಪ್ರಶ್ನೆಯನ್ನು ನಾನು ಅದೆಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮಕ್ಕಳು ಬರೆಯುತ್ತಿದ್ದ ಉತ್ತರವೂ ಸಿದ್ಧವಾಗಿರುತ್ತಿತ್ತು: ದುರ್ಬಲ ಉತ್ತರಾಧಿಕಾರಿಗಳು, ಒಳಜಗಳ, ಶತ್ರುಗಳ ಒಗ್ಗಟ್ಟು, 1565ರ ಯುದ್ಧದ ಸೋಲು. ಬಲ ಕುಂದಿತು, ಯುದ್ಧ ಸೋತಿತು, ಆದ್ದರಿಂದ ಅಳಿಯಿತು. ಗೆಲ್ಲುವವನು ಉಳಿಯುತ್ತಾನೆ, ಸೋತವನು ಅಳಿಯುತ್ತಾನೆ ಎಂಬ ಈ ಸರಳ ಸೂತ್ರವನ್ನು ನಾನೂ ಪ್ರಶ್ನಿಸಿರಲಿಲ್ಲ. ಸಾಕರ್ಸ್‌ನ ಕಥೆಗೆ ಅದು ಹೊಂದುವುದೇ ಇಲ್ಲ. 1992ರ ವಸಂತದಲ್ಲಿ ಡಲ್ಲಾಸ್ ತಂಡವನ್ನು 4-2ರ ಸರಣಿಯಲ್ಲಿ ಸೋಲಿಸಿ ಸಾಕರ್ಸ್ ಹತ್ತನೆಯ ಪ್ರಶಸ್ತಿ ಎತ್ತಿಹಿಡಿಯಿತು. ಅದೇ ಜುಲೈನಲ್ಲಿ ಅದು ಆಡುತ್ತಿದ್ದ ಲೀಗೇ ಮುಚ್ಚಿಹೋಯಿತು. ಸಿಂಹಾಸನದ ಮೇಲೆ ರಾಜ ಕುಳಿತೇ ಇದ್ದ; ರಾಜ್ಯ ಇರಲಿಲ್ಲ.

ಕಾರಣಗಳೇನು? ಹಳೆಯ ಅಭ್ಯಾಸದಂತೆ ಅಂಕಿ ಹಾಕಿ ಬರೆಯುವ ಬದಲು ಬಿಡಿಸಿ ಹೇಳುತ್ತೇನೆ. ಈ ತಂಡಗಳು ಬದುಕುತ್ತಿದ್ದುದು ಮುಖ್ಯವಾಗಿ ಬಾಗಿಲಲ್ಲಿ ಮಾರಿದ ಟಿಕೆಟ್ಟಿನಿಂದ. ದೂರದರ್ಶನದಿಂದ ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗಳಿಗೆ ಹರಿದುಬರುತ್ತಿದ್ದ ಹಣದಂಥದು ಇವಕ್ಕೆ ಇರಲಿಲ್ಲ. ಆಡುವ ಸಭಾಂಗಣ ಬಾಡಿಗೆಯದು. ನಕ್ಷತ್ರ ಆಟಗಾರರ ಸಂಬಳ ಮಾತ್ರ ಏರುತ್ತಲೇ ಇತ್ತು. ಇಂಥ ವ್ಯವಹಾರವನ್ನು ಮಾಲೀಕನ ಉತ್ಸಾಹ ಎಷ್ಟು ದಿನ ಹೊತ್ತೀತು? 1988ರಲ್ಲಿ ಸಂಬಳಕ್ಕೆ ಮಿತಿ ಹಾಕುವ ಸಂಬಂಧ ಆಟಗಾರರ ಸಂಘಕ್ಕೂ ಮಾಲೀಕರಿಗೂ ತಿಕ್ಕಾಟ ನಡೆದ ಬೇಸಗೆಯಲ್ಲೇ ಶಿಕಾಗೊ, ಕ್ಲೀವ್‌ಲ್ಯಾಂಡ್, ಮಿನಿಸೋಟ, ಸೇಂಟ್ ಲೂಯಿಸ್ ತಂಡಗಳು ಬಾಗಿಲು ಹಾಕಿದವು. ಹನ್ನೊಂದು ತಂಡಗಳ ಲೀಗು ಏಳಕ್ಕೆ ಇಳಿಯಿತು. ಪಂದ್ಯವೊಂದಕ್ಕೆ 17 ಸಾವಿರ ಜನರನ್ನು ಸೇರಿಸುತ್ತಿದ್ದ ಅದೇ ಸೇಂಟ್ ಲೂಯಿಸ್ ತಂಡವೂ ಉಳಿಯಲಿಲ್ಲವೆಂಬುದನ್ನು ಗಮನಿಸಬೇಕು. ಹೊಸ ತಂಡಗಳು ಬಂದವು, ಲೀಗು ತನ್ನ ಹೆಸರನ್ನೂ ಬದಲಿಸಿ ನೋಡಿತು. ಕೊನೆಯ ಋತುವಿನಲ್ಲೂ ಏಳೇ ತಂಡಗಳಿದ್ದವು.

ಇಲ್ಲಿ ನನಗೆ ಹೊಳೆದ ಪಾಠವೆಂದರೆ ಇಷ್ಟು. ಯುದ್ಧದಲ್ಲಿ ಶತ್ರು ಅಳಿದರೆ ಅರಸನಿಗೆ ಲಾಭ. ಆಟದಲ್ಲಿ ಎದುರಾಳಿ ಅಳಿದರೆ ಗೆದ್ದವನಿಗೂ ನಷ್ಟ. ಕುಸ್ತಿಯ ಅಖಾಡದಲ್ಲಿ ಎಷ್ಟೇ ದೊಡ್ಡ ಪೈಲ್ವಾನನಿದ್ದರೂ ಜೋಡಿ ಸಿಗದಿದ್ದರೆ ಅವನು ಮಣ್ಣು ಮೈಗೆ ಹಚ್ಚಿಕೊಂಡು ಸುಮ್ಮನೆ ನಿಲ್ಲಬೇಕಾಗುತ್ತದೆ. ಸಾಕರ್ಸ್‌ಗೆ ಕಪ್‌ಗಳಿದ್ದವು, ಕಲೆಯಿತ್ತು, ಅಭಿಮಾನಿಗಳಿದ್ದರು. ತನ್ನದೆನ್ನುವ ಅಂಗಳವಿರಲಿಲ್ಲ, ಬಾಳಿ ಬದುಕುವ ಎದುರಾಳಿಗಳಿರಲಿಲ್ಲ. ಬಾಲ್ಟಿಮೋರಿನಿಂದ ಲಾಸ್ ವೇಗಸ್‌ವರೆಗೆ ಅಲೆದ ಹುಟ್ಟಿನ ಗುಣ ಅದನ್ನು ಗೆಲುವಿನ ಉತ್ತುಂಗದಲ್ಲೂ ಬಿಡಲಿಲ್ಲ.

ಮುಂದಿನ ಕಥೆ ಮತ್ತೆ ಅಲೆದಾಟದ್ದೇ. 1993ರಲ್ಲಿ ಬೇಸಗೆಯಲ್ಲಿ ಆಡುವ ಹೊಸ ಒಳಾಂಗಣ ಲೀಗೊಂದನ್ನು ಸೇರಿ, 1996ರ ಋತುವಿನ ಬಳಿಕ ತಂಡ ನಿಂತುಹೋಯಿತು. 2001ರಲ್ಲಿ ಅದೇ ಹೆಸರಿನಲ್ಲಿ ಮತ್ತೊಂದು ತಂಡ ತಲೆಯೆತ್ತಿ, ಲೀಗಿನಿಂದ ಲೀಗಿಗೆ ದಾಟಿ, 2004ರ ಕೊನೆಯಲ್ಲಿ ಋತುವಿನ ನಡುವೆಯೇ ಮುಚ್ಚಿತು. 2009ರಲ್ಲಿ ಮೂರನೆಯ ಬಾರಿ ಚಿಗುರಿತು. ಈ ಸಲ ಸಣ್ಣ ಪ್ರಮಾಣದಲ್ಲಿ, ಕೈಗೆಟಕುವ ಖರ್ಚಿನಲ್ಲಿ. ಆಶ್ಚರ್ಯವೆಂದರೆ ಹಳೆಯ ಗೆಲುವಿನ ಗುಣವೂ ಜೊತೆಗೆ ಮರಳಿತು: 2010ರಿಂದ 2013ರವರೆಗೆ ಸತತ ನಾಲ್ಕು ಪ್ರಶಸ್ತಿ, ನಡುವೆ ಸತತ 48 ಪಂದ್ಯಗಳಲ್ಲಿ ಜಯ. 2021 ಮತ್ತು 2022ರಲ್ಲಿ ಮತ್ತೆರಡು ಪ್ರಶಸ್ತಿಗಳು ಸೇರಿ ಒಟ್ಟು ಹದಿನಾರಾದವು. 2024ರಲ್ಲಿ ತಂಡವು ದಶಕಗಳ ಕಾಲ ಆಡಿದ ಸ್ಯಾನ್ ಡಿಯಾಗೋ ಸಭಾಂಗಣವನ್ನು ಬಿಟ್ಟು, ಉತ್ತರಕ್ಕಿರುವ ಓಷನ್‌ಸೈಡ್ ಎಂಬ ಊರಿನ ಹೊಸ ಕ್ರೀಡಾಂಗಣಕ್ಕೆ ಹೋಯಿತು. 2025ರಲ್ಲಿ ಸ್ಯಾನ್ ಡಿಯಾಗೋ ನಗರಕ್ಕೆ ದೇಶದ ಅಗ್ರ ಬಯಲು ಲೀಗಿನಲ್ಲೂ ಹೊಸ ತಂಡವೊಂದು ದೊರೆಯಿತು. 1984ರಿಂದ ಅಲ್ಲಿಯವರೆಗಿನ ನಲವತ್ತು ವರ್ಷಗಳ ಬಿಡುವಿನಲ್ಲಿ, ಬಿದ್ದು ಎದ್ದು, ಆ ಊರಿನ ಮಕ್ಕಳ ಕಣ್ಣಿಗೆ ಫುಟ್‌ಬಾಲನ್ನು ತೋರಿಸುತ್ತ ಬಂದದ್ದು ಈ ಹಲಗೆಗೋಡೆಯ ಆಟ.

ಫಲವೂ ದೊರೆಯದೆ ಇರಲಿಲ್ಲ. 1994ರಲ್ಲಿ ಅಮೆರಿಕದಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಆತಿಥೇಯ ತಂಡ ಎರಡನೆಯ ಸುತ್ತಿಗೆ ಏರಿ, ಬ್ರೆಜಿಲ್‌ಗೆ ಕೇವಲ 1-0ರಿಂದ ಸೋತಿತು. ಅಂದು ಅಮೆರಿಕದ ಪರವಾಗಿ ಆಡಿದವರಲ್ಲಿ ಪೆರೆಸ್ ಮತ್ತು ಕ್ಲಾವಿಹೊ ಇದ್ದರು. ಲೀಗುಗಳಿಲ್ಲದ ಬರಗಾಲದಲ್ಲಿ ಅವರ ಕಾಲುಗಳನ್ನು ಸಾಣೆ ಹಿಡಿದಿಟ್ಟ ಜಾಗಗಳಲ್ಲಿ ಸ್ಯಾನ್ ಡಿಯಾಗೋದ ಆ ಸಭಾಂಗಣವೂ ಒಂದು. ರಾನ್ ನ್ಯೂಮನ್ 1993ರವರೆಗೆ ಸಾಕರ್ಸ್‌ನಲ್ಲಿದ್ದು, 1996ರಲ್ಲಿ ಆರಂಭವಾದ ಹೊಸ ಬಯಲು ಲೀಗಿನಲ್ಲಿ ಕ್ಯಾನ್ಸಸ್ ಸಿಟಿ ತಂಡದ ಮೊದಲ ತರಬೇತುದಾರನಾದ, 2018ರಲ್ಲಿ ತೀರಿಕೊಂಡ. ಅಮೆರಿಕದ ಒಳಾಂಗಣ ಲೀಗಿನ ಪ್ರಶಸ್ತಿ ಅವನ ಹೆಸರನ್ನು ಹೊತ್ತಿದೆ. 2021, 2022ರಲ್ಲಿ ಸಾಕರ್ಸ್ ಆಟಗಾರರು ಎತ್ತಿಹಿಡಿದದ್ದು ತಮ್ಮದೇ ಹಳೆಯ ಗುರುವಿನ ಹೆಸರಿನ ಕಪ್ಪನ್ನು.

ಡೆಯ್ನಾನ ಮಾತು ಉಳಿಯಿತು. ಆಟ ನಿಲ್ಲಿಸಿದ ಎರಡೇ ವರ್ಷಕ್ಕೆ ಹೆದ್ದಾರಿಯಲ್ಲಿ ಮಡಿದ ಅವನನ್ನು ಸ್ಯಾನ್ ಡಿಯಾಗೋದಲ್ಲೇ ಮಣ್ಣು ಮಾಡಿದ್ದರು. 2012ರಲ್ಲಿ ಅವನ ಅವಶೇಷಗಳನ್ನು ಪೋಲೆಂಡಿಗೆ ಕೊಂಡೊಯ್ದು ವಾರ್ಸಾದ ಪೊವಾಂಸ್ಕಿ ಸೇನಾ ಸ್ಮಶಾನದಲ್ಲಿ ಗೌರವದಿಂದ ಇರಿಸಿದರು. ಲೆಗಿಯಾ ಕ್ರೀಡಾಂಗಣದ ಹೊರಗೆ ಅವನ ಪ್ರತಿಮೆ ನಿಂತಿದೆ. ಅವನು ತೊಡುತ್ತಿದ್ದ 10ನೆಯ ಸಂಖ್ಯೆಯ ಅಂಗಿಯನ್ನು ಆ ತಂಡ ಬೇರೆಯವರಿಗೆ ಕೊಡುವುದಿಲ್ಲ. ತಾಯ್ನಾಡು ಕಡೆಗೂ ಮಗನನ್ನು ಕರೆದುಕೊಂಡಿತು. ಆದರೆ ಆರು ವರ್ಷ ಅವನಿಗೆ ಆಡಲು ಅಂಗಳ ಕೊಟ್ಟ ಆ ತಂಡವನ್ನು ಮರೆತರೆ ಅವನ ಬಾಳಿನ ಕಥೆ ಅರ್ಧವೇ.

ಇನ್ನೊಮ್ಮೆ ತರಗತಿಯಲ್ಲಿ ನಿಲ್ಲುವ ಭಾಗ್ಯ ದೊರೆತರೆ, ಆ ಐದು ಅಂಕದ ಪ್ರಶ್ನೆಯ ಕೆಳಗೆ ಇನ್ನೊಂದು ಪ್ರಶ್ನೆ ಸೇರಿಸಬೇಕೆಂದಿದ್ದೇನೆ: 'ಆ ರಾಜ್ಯ ಇದ್ದಷ್ಟು ದಿನ ಅದರ ನೆರಳಿನಲ್ಲಿ ಯಾರು ಯಾರು ಬದುಕಿದರು?' ಪತನದ ಕಾರಣಗಳನ್ನು ಬಾಯಿಪಾಠ ಮಾಡಿಸಿದ ಮೇಷ್ಟ್ರು ನಾನು. ಈ ಪ್ರಶ್ನೆಯನ್ನು ಮಕ್ಕಳ ಮುಂದಿಡಬೇಕೆಂದು ಆಗ ನನಗೆ ತೋಚಿರಲಿಲ್ಲ.